ಸುಟ್ಟಗಾಯ ಮಾಯ್ದ ಮೇಲಿನ ಎರಡು ವರ್ಷ: ಪ್ರೆಶರ್ ಗಾರ್ಮೆಂಟ್, ಸಿಲಿಕೋನ್ ಶೀಟ್ ವಿಮರ್ಶೆ

ಆಳದ ಸುಟ್ಟಗಾಯ ಮಾಯ್ದು, ಕಸಿ ಮಾಡಿದ ಚರ್ಮ ಕಚ್ಚಿಕೊಂಡು, ಕೊನೆಯ ಡ್ರೆಸ್ಸಿಂಗ್ ಬಿಚ್ಚಿದ ದಿನ ಆ ಜಾಗ ನೋಡಿದರೆ ಮನೆಯವರಿಗೆಲ್ಲ ಸಮಾಧಾನವೇ ಆಗುತ್ತದೆ. ಚರ್ಮ ಚಪ್ಪಟೆಯಾಗಿದೆ, ಮೆತ್ತಗಿದೆ, ಬಣ್ಣವೊಂದು ಬೇರೆ ಅಷ್ಟೆ. ಎಡವುವುದು ಇಲ್ಲೇ. ನಾಲ್ಕರಿಂದ ಎಂಟು ವಾರಗಳಲ್ಲಿ ಅದೇ ಜಾಗ ಕೆಂಪೇರುತ್ತದೆ, ಗಟ್ಟಿಯಾಗುತ್ತದೆ, ಹಗ್ಗ ಹೊಸೆದಿಟ್ಟ ಹಾಗೆ ಉಬ್ಬುತ್ತದೆ, ನಿದ್ದೆಗೆಡಿಸುವಷ್ಟು ನವೆ ಹತ್ತುತ್ತದೆ. ಉಬ್ಬು ಸಾಮಾನ್ಯವಾಗಿ ಆರು ತಿಂಗಳ ಹೊತ್ತಿಗೆ ಮೇಲೇರಿ ನಿಲ್ಲುತ್ತದೆ. ಆಮೇಲೆ ಇಳಿಯುತ್ತಾ ಕಲೆ ಪೂರ್ತಿ ಮಾಗಲು ಒಂದರಿಂದ ಎರಡು ವರ್ಷ ಬೇಕು. ಆ ಎರಡು ವರ್ಷ ಮೈಮೇಲೆ ಇರುವ ಸಾಮಾನು ಎರಡು: ಕಲೆಯನ್ನು ಒತ್ತಿ ಹಿಡಿಯಲು ಅಳತೆ ಕೊಟ್ಟು ಹೊಲಿಸುವ ಬಿಗಿ ಉಡುಪು, ಅಂದರೆ ಪ್ರೆಶರ್ ಗಾರ್ಮೆಂಟ್; ಅದರಡಿಗೆ ಅಥವಾ ಅದಿಲ್ಲದೆ ಕಲೆಯ ಮೇಲೆ ಅಂಟಿಸುವ ಮೆತ್ತನೆಯ ಹಾಳೆ, ಅಂದರೆ ಸಿಲಿಕೋನ್ ಶೀಟ್. ಯಾವ ಕಂಪನಿಯದು ಒಳ್ಳೆಯದು ಎಂಬ ಹೋಲಿಕೆ ಇಲ್ಲಿಲ್ಲ. ಈ ಸಾಮಾನು ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಕೊಟ್ಟ ದುಡ್ಡು ಎಲ್ಲಿ ವ್ಯರ್ಥವಾಗುತ್ತದೆ ಎಂಬುದಷ್ಟೇ ಇದೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಗಾರ್ಮೆಂಟನ್ನು ಔಷಧದ ಹಾಗೆ ಡೋಸ್ ಲೆಕ್ಕದಲ್ಲಿ ನೋಡಬೇಕು: ಎಷ್ಟು ಒತ್ತಡ, ದಿನಕ್ಕೆ ಎಷ್ಟು ಗಂಟೆ, ಒಟ್ಟು ಎಷ್ಟು ತಿಂಗಳು. ರೂಢಿಯಲ್ಲಿರುವ ಡೋಸ್ ಎಂದರೆ ಪಾದರಸದ 20ರಿಂದ 30 ಮಿಲಿಮೀಟರ್ ಒತ್ತಡ (ರಕ್ತದೊತ್ತಡ ಅಳೆಯುವ ಅದೇ ಮಾಪನ), ದಿನಕ್ಕೆ 23 ಗಂಟೆ, 12ರಿಂದ 18 ತಿಂಗಳು. ಉಳಿದ ಒಂದು ಗಂಟೆ ಸ್ನಾನಕ್ಕೆ, ಎಣ್ಣೆ-ಕ್ರೀಮಿಗೆ, ಚರ್ಮ ಪರೀಕ್ಷಿಸಿ ನೋಡಲು. 40 ಮಿಲಿಮೀಟರ್ ದಾಟಿದರೆ ಚರ್ಮ ನೆನೆದಂತಾಗಿ ಬಿಳಚಿಕೊಳ್ಳುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಒತ್ತಡ ತೀರಾ ಕಡಿಮೆಯಾದರೆ ಅದು ಬರೀ ಬಿಗಿ ಬನಿಯನ್. ಗಾರ್ಮೆಂಟ್ ಹಾಕಿಯೂ ಏನೂ ಆಗಲಿಲ್ಲ ಎಂಬ ದೂರಿನ ಬುಡ ಕೆದಕಿದರೆ, ಹೆಚ್ಚಿನ ಸಲ ಬಟ್ಟೆ ಮೈಮೇಲೆ ಇತ್ತು, ಒತ್ತಡ ಇರಲಿಲ್ಲ.

ಎಲ್ಲರಿಗೂ ಇದು ಬೇಕಿಲ್ಲ. ಹತ್ತು ದಿನದೊಳಗೆ ತಾನಾಗಿ ಮಾಯ್ದ ಗಾಯ ಉಬ್ಬುವುದು ಅಪರೂಪ, ಅದಕ್ಕೆ ಕ್ರೀಮು ಮತ್ತು ಬಿಸಿಲಿನಿಂದ ರಕ್ಷಣೆ ಸಾಕು. ಎರಡರಿಂದ ಮೂರು ವಾರ ಹಿಡಿದಿದ್ದರೆ ಕಣ್ಣಿಟ್ಟು ನೋಡುತ್ತಿರಬೇಕು. ಮೂರು ವಾರ ಮೀರಿದ್ದರೆ ಅಥವಾ ಚರ್ಮ ಕಸಿ ಆಗಿದ್ದರೆ, ಉಬ್ಬಲಿ ಆಮೇಲೆ ನೋಡೋಣ ಎನ್ನದೆ ಆಗಲೇ ಅಳತೆಗೆ ಹೋಗುವುದು ಒಳ್ಳೆಯದು. ಮಕ್ಕಳು, ಹರೆಯದವರು, ಕಪ್ಪು-ಕಂದು ಮೈಬಣ್ಣದವರಲ್ಲಿ ಕಲೆ ಉಬ್ಬುವ ಸಂಭವ ಹೆಚ್ಚು.

ಇನ್ನು ಬಟ್ಟೆ. ಪವರ್‌ನೆಟ್ ಎಂದು ಕರೆಯುವ, ನೈಲಾನ್ ಜೊತೆ ಇಲಾಸ್ಟೇನ್ ಎಂಬ ಹಿಗ್ಗುವ ನೂಲು ಹೆಣೆದ ಜಾಲರಿಯಂಥ ಬಟ್ಟೆ ಇದು. ಎರಡೂ ಕಡೆ ಎಳೆದು ಬಿಟ್ಟರೆ ತಟ್ಟನೆ ಮೊದಲಿನ ಅಳತೆಗೆ ಮರಳಬೇಕು. ಎಳೆದದ್ದು ಅಲೆಯಲೆಯಾಗಿ ಉಳಿದರೆ ಆ ಬಟ್ಟೆ ಬೇಡ. ಅಳತೆಯನ್ನು ಕೈಕಾಲಿನ ಉದ್ದಕ್ಕೂ ಸುಮಾರು ನಾಲ್ಕು ಸೆಂಟಿಮೀಟರಿಗೊಂದು ಗುರುತು ಹಾಕಿ, ಪ್ರತಿ ಗುರುತಿನಲ್ಲೂ ಟೇಪು ಸುತ್ತಿ ತೆಗೆಯಬೇಕು. ಮಣಿಕಟ್ಟು, ಮೊಣಕೈ, ತೋಳು ಎಂದು ಮೂರೇ ಕಡೆ ಟೇಪು ಹಿಡಿದು ಮುಗಿಸಿದರೆ ಆ ಗಾರ್ಮೆಂಟ್ ಎಲ್ಲೋ ಒಂದು ಕಡೆ ಸಡಿಲು, ಇನ್ನೊಂದು ಕಡೆ ಉರುಳು. ಟೇಪು ಚರ್ಮವನ್ನು ಒತ್ತಬಾರದು, ಜೋತೂ ಬೀಳಬಾರದು. ಅಳತೆಯನ್ನು ಬೆಳಿಗ್ಗೆ, ಊತ ಕಡಿಮೆ ಇರುವಾಗ ಕೊಡುವುದು ಉತ್ತಮ.

ತೆಗೆದ ಅಳತೆಗಿಂತ ಬಟ್ಟೆಯನ್ನು ಸಣ್ಣದಾಗಿ ಹೊಲಿಯುತ್ತಾರೆ, ಸಾಮಾನ್ಯವಾಗಿ ಶೇಕಡ 10ರಿಂದ 20ರಷ್ಟು. 30 ಸೆಂಟಿಮೀಟರ್ ಸುತ್ತಳತೆಗೆ ಶೇಕಡ 15 ಕಡಿತವೆಂದರೆ ಬಟ್ಟೆ 25.5 ಸೆಂಟಿಮೀಟರ್. ಹೊಲಿಯುವವರು ತಪ್ಪುವುದು ಇಲ್ಲೇ ಹೆಚ್ಚು: ಮೈಗೆಲ್ಲ ಒಂದೇ ಕಡಿತ ಹಾಕಿಬಿಡುತ್ತಾರೆ. ಒತ್ತಡ ಬಟ್ಟೆಯ ಬಿಗುವಿನ ಮೇಲಷ್ಟೇ ನಿಂತಿಲ್ಲ, ಅದು ಸುತ್ತಿದ ಅಂಗ ಎಷ್ಟು ದಪ್ಪ ಎಂಬುದರ ಮೇಲೂ ನಿಂತಿದೆ. ಬಿಗುವು ಒಂದೇ ಇದ್ದರೆ, ಅಂಗ ತೆಳುವಾದಷ್ಟೂ ಒತ್ತಡ ಜಾಸ್ತಿ. 16 ಸೆಂಟಿಮೀಟರ್ ಸುತ್ತಳತೆಯ ಮಣಿಕಟ್ಟಿಗೂ 48 ಸೆಂಟಿಮೀಟರಿನ ತೊಡೆಗೂ ಅಷ್ಟೇ ಬಿಗುವು ಕೊಟ್ಟರೆ, ಮಣಿಕಟ್ಟಿನಲ್ಲಿ 30 ಮಿಲಿಮೀಟರ್ ಬಿದ್ದ ಒತ್ತಡ ತೊಡೆಯಲ್ಲಿ 10ಕ್ಕೆ ಇಳಿಯುತ್ತದೆ. ಹಾಗಾಗಿ ತೊಡೆಗೆ ಹೆಚ್ಚು ಕಡಿತ, ಮಣಿಕಟ್ಟಿಗೆ, ಮಕ್ಕಳ ಕೈಗೆ ಕಡಿಮೆ. ಎಲ್ಲೆಲ್ಲಿ ಎಷ್ಟು ಕಡಿತ ಹಾಕುತ್ತೀರಿ ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆಯವರನ್ನು ನೋಡಿಕೊಳ್ಳುವುದೇ ಮೇಲು.

ಇದೇ ಲೆಕ್ಕದ ಇನ್ನೊಂದು ಮುಖ ತಗ್ಗು ಜಾಗಗಳು. ಎದೆಯ ನಡುವೆ, ಕೊರಳ ಬುಡದ ಮೂಳೆಯ ಮೇಲಿನ ಗುಳಿ, ಅಂಗೈ ನಡು, ಬೆರಳುಸಂದು, ಮೂಗಿನ ಪಕ್ಕ — ಇಲ್ಲಿ ಬಟ್ಟೆ ಒಂದು ದಿಬ್ಬದಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿದ ಹಾಗೆ ಹಾದುಹೋಗುತ್ತದೆ, ಕೆಳಗಿನ ಚರ್ಮವನ್ನು ಮುಟ್ಟುವುದೇ ಇಲ್ಲ. ಅಲ್ಲಿ ಒತ್ತಡ ಸೊನ್ನೆ. ಗುಳಿಗೆ ಸರಿಯಾಗಿ ಕೂರುವ ಫೋಮ್ ಅಥವಾ ಸಿಲಿಕೋನ್ ಅಚ್ಚನ್ನು ಬಟ್ಟೆಯ ಅಡಿಗೆ ಇಡಬೇಕು. ಬೇರೆ ಕಡೆಯೆಲ್ಲ ಚಪ್ಪಟೆಯಾಗಿ ಎದೆಯ ನಡುವೆ ಮಾತ್ರ ಕಲೆ ದಪ್ಪಗೆ ನಿಂತಿದ್ದರೆ ಕಾರಣ ಹುಡುಕಬೇಕಿಲ್ಲ, ಅಚ್ಚು ಇಟ್ಟಿರಲಿಲ್ಲ.

ಕೈಗವಸನ್ನು ಹತ್ತಿರದಿಂದ ನೋಡಿ. ಹೊಲಿಗೆಯ ಅಂಚು ಹೊರಮುಖವಾಗಿರಬೇಕು. ಒಳಗಿದ್ದರೆ ಹೊಸ ಚರ್ಮದ ಮೇಲೆ ಗರಗಸದ ಹಾಗೆ ಓಡಾಡುತ್ತದೆ. ಬೆರಳ ತುದಿ ತೆರೆದಿರಲಿ, ಏಕೆಂದರೆ ಉಗುರು ಒತ್ತಿ ಬಿಟ್ಟಾಗ ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಬೆರಳು ಬೆರಳಿನ ನಡುವೆ ಬಟ್ಟೆ ಬುಡದ ತನಕ ಇಳಿದು ಕೂತಿರಬೇಕು. ಅಲ್ಲಿ ಅರ್ಧ ಸೆಂಟಿಮೀಟರ್ ಖಾಲಿ ಬಿಟ್ಟರೂ ಸಂದಿನ ಚರ್ಮ ಬಾತುಕೋಳಿಯ ಕಾಲಿನ ಪೊರೆಯಂತೆ ಮೇಲಕ್ಕೆ ಹತ್ತಿ ಬೆರಳು ಅಗಲಿಸಲು ಬಿಡುವುದಿಲ್ಲ. ಜಿಪ್ ಇದ್ದರೆ ಅದರ ಅಡಿಗೆ ಬಟ್ಟೆಯ ನಾಲಿಗೆ ಇರಲೇಬೇಕು.

ಯಾವಾಗ ಶುರು ಮಾಡಬೇಕು? ಗಾಯ ಬಹುತೇಕ ಮುಚ್ಚಿ, ತೆರೆದ ಜಾಗ ನಾಣ್ಯದಗಲಕ್ಕಿಂತ ಕಡಿಮೆಯಾದಾಗ. ಕಸಿ ಆಗಿದ್ದರೆ ಸಾಮಾನ್ಯವಾಗಿ ಎರಡು-ಮೂರು ವಾರದ ಮೇಲೆ. ಅಲ್ಲಿಯ ತನಕ ಸುಮ್ಮನೆ ಕೂರಬಾರದು. ಕೈಕಾಲಿಗೆ ಕೊಳವೆಯಾಕಾರದ ಇಲಾಸ್ಟಿಕ್ ಬ್ಯಾಂಡೇಜ್, ಬೆರಳಿಗೆ ತನಗೆ ತಾನೇ ಅಂಟುವ ಪಟ್ಟಿಯನ್ನು ತುದಿಯಿಂದ ಬುಡದ ಕಡೆಗೆ ಸುತ್ತುವುದು ಊತವನ್ನೂ ಇಳಿಸುತ್ತದೆ, ಚರ್ಮಕ್ಕೆ ಒತ್ತಡದ ಅಭ್ಯಾಸವನ್ನೂ ಮಾಡಿಸುತ್ತದೆ. ಊತ ಇರುವಾಗಲೇ ಗಾರ್ಮೆಂಟಿಗೆ ಅಳತೆ ಕೊಟ್ಟು, ಅದು ತಿಂಗಳ ಮೇಲೆ ಕೈಗೆ ಬಂದರೆ, ಅಷ್ಟರಲ್ಲಿ ಊತ ಇಳಿದು ಹೊಸ ಗಾರ್ಮೆಂಟೇ ಸಡಿಲಾಗಿರುತ್ತದೆ. ಹೊಲಿದು ಕೊಡಲು ಎಷ್ಟು ದಿನ ಹಿಡಿಯುತ್ತದೆ ಎಂಬುದು ಬೆಲೆಯಷ್ಟೇ ಮುಖ್ಯ ಪ್ರಶ್ನೆ.

ಮೊದಲ ದಿನವೇ 23 ಗಂಟೆ ಬೇಡ. ಎರಡು ಗಂಟೆ ಹಾಕಿ, ತೆಗೆದು ನೋಡಿ, ಗುಳ್ಳೆ-ಗಾಯ ಇಲ್ಲದಿದ್ದರೆ ದಿನದಿಂದ ದಿನಕ್ಕೆ ಏರಿಸುತ್ತ ಒಂದು ವಾರದಲ್ಲಿ ಪೂರ್ತಿ ಹೊತ್ತಿಗೆ ತನ್ನಿ. ಹೊಸ ಚರ್ಮ ಕೆಳಪದರಕ್ಕೆ ಇನ್ನೂ ಗಟ್ಟಿಯಾಗಿ ಬೆಸೆದುಕೊಂಡಿರುವುದಿಲ್ಲ, ಉಜ್ಜಿದರೆ ಗುಳ್ಳೆ ಏಳುತ್ತದೆ. ಆದ್ದರಿಂದ ಗಾರ್ಮೆಂಟನ್ನು ಕಾಲುಚೀಲದಂತೆ ಎಳೆಯದೆ, ಕೈಗೆ ಅಥವಾ ಪಾದಕ್ಕೆ ಮೊದಲು ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಅದರ ಮೇಲೆ ಜಾರಿಸಿ, ತುದಿಯಿಂದ ಚೀಲವನ್ನು ಎಳೆದು ತೆಗೆಯಿರಿ. ಸಣ್ಣ ಗುಳ್ಳೆ ಎದ್ದರೆ ಅಂಟದ ತೆಳು ಡ್ರೆಸ್ಸಿಂಗ್ ಇಟ್ಟು ಗಾರ್ಮೆಂಟ್ ಮುಂದುವರಿಸಬಹುದು. ಒಂದು ಗುಳ್ಳೆಗೆ ಹೆದರಿ ಎರಡು ವಾರ ಬಿಚ್ಚಿಟ್ಟರೆ ಕಲೆ ಆ ಎರಡು ವಾರ ಕಾಯುತ್ತ ಕೂರುವುದಿಲ್ಲ. ಗುಳ್ಳೆ ದೊಡ್ಡದಾದರೆ, ಕೀವು, ವಾಸನೆ, ಜ್ವರ ಕಂಡರೆ ಬಿಚ್ಚಿ ವೈದ್ಯರಿಗೆ ತೋರಿಸಬೇಕು. ಬೆರಳು ನೀಲಿಗಟ್ಟುವುದು, ಜೋಮು, ಗಾರ್ಮೆಂಟಿನ ಅಂಚಿನಿಂದ ಆಚೆ ಊತ ಕಂಡರೆ ತಕ್ಷಣ ತೆಗೆಯಬೇಕು. ಸಹಿಸಿಕೊಳ್ಳುವುದು ಅಲ್ಲಿ ತಪ್ಪು.

ಇಲಾಸ್ಟೇನ್ ದಣಿಯುತ್ತದೆ. ದಿನವಿಡೀ ಹಾಕಿದ ಗಾರ್ಮೆಂಟ್ ಎರಡು-ಮೂರು ತಿಂಗಳಲ್ಲಿ ಬಿಗುವು ಕಳೆದುಕೊಂಡು ಬದಲಾವಣೆಗೆ ಬರುತ್ತದೆ. ನೋಡಲು ಹರಿದಿರುವುದಿಲ್ಲ, ಬಣ್ಣ ಹೋಗಿರುವುದಿಲ್ಲ, ಅದಕ್ಕೇ ಜನ ಆರು ತಿಂಗಳು ಹಾಕುತ್ತಾರೆ. ಎರಡು ಬೆರಳಲ್ಲಿ ಬಟ್ಟೆ ಹಿಡಿದೆತ್ತಿ ನೋಡಿ. ಹೊಸದಾಗಿದ್ದಾಗ ಕಷ್ಟಪಟ್ಟು ಮೇಲೇಳುತ್ತಿದ್ದದ್ದು ಈಗ ಸಲೀಸಾಗಿ ಎದ್ದು ಬಂದರೆ ಅದರ ಕೆಲಸ ಮುಗಿದಿದೆ. ಒಮ್ಮೆಗೆ ಎರಡು ಜೊತೆ ಹೊಲಿಸಿ ದಿನ ಬಿಟ್ಟು ದಿನ ಹಾಕಿದರೆ ಎರಡೂ ಹೆಚ್ಚು ಬಾಳುತ್ತವೆ, ಒಗೆದ ದಿನ ಮೈ ಬರಿದಾಗಿ ಉಳಿಯುವುದೂ ಇಲ್ಲ. ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪು. ಹಿಂಡದೆ ಟವೆಲ್ಲಿನಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ಒಣಗಿಸಬೇಕು. ಬ್ಲೀಚ್, ಇಸ್ತ್ರಿ, ಬಿಸಿಲು ಮೂರೂ ಇಲಾಸ್ಟೇನಿಗೆ ವೈರಿ. ಜಿಡ್ಡು ಕೂಡ ಹಾಗೆಯೇ: ಕ್ರೀಮು ಹಚ್ಚಿ ಅದು ಚರ್ಮಕ್ಕೆ ಇಳಿಯುವ ತನಕ ಕಾಲು ಗಂಟೆಯಾದರೂ ಬಿಟ್ಟು ಆಮೇಲೆ ತೊಡಿ.

ಮುಖಕ್ಕೆ ಬಟ್ಟೆಯ ಮುಸುಕಿಗಿಂತ ಪಾರದರ್ಶಕ ಗಟ್ಟಿ ಪ್ಲಾಸ್ಟಿಕ್ ಮುಖವಾಡವೇ ನಮ್ಮ ಆಯ್ಕೆ. ಮುಖದ ಅಚ್ಚಿನಿಂದ ಮಾಡುವುದರಿಂದ ಮೂಗಿನ ಪಕ್ಕ, ತುಟಿಯ ಕೆಳಗಿನ ತಗ್ಗಿಗೂ ಕೂರುತ್ತದೆ. ಎಲ್ಲಿ ಒತ್ತಡ ಬೀಳುತ್ತಿದೆ ಎಂದು ಚರ್ಮ ಬಿಳಿಚುವುದನ್ನು ಕಣ್ಣಾರೆ ಕಂಡು ತಿದ್ದಬಹುದು. ಎದುರಿನವರಿಗೆ ಮುಖವೂ ಕಾಣುತ್ತದೆ, ಅದು ಸಣ್ಣ ಸಂಗತಿಯಲ್ಲ. ಮಕ್ಕಳ ವಿಷಯದಲ್ಲಿ ಒಂದು ಎಚ್ಚರ: ಗದ್ದದ ಮೇಲೆ ತಿಂಗಳುಗಟ್ಟಲೆ ಒತ್ತಡ ಬಿದ್ದರೆ ದವಡೆಯ ಬೆಳವಣಿಗೆ, ಹಲ್ಲಿನ ಸಾಲು ಎರಡೂ ಕೆಡಬಹುದು. ಮುಖದ ಗಾರ್ಮೆಂಟ್ ಹಾಕಿದ ಮಗುವನ್ನು ದಂತವೈದ್ಯರು ಕಾಲಕಾಲಕ್ಕೆ ನೋಡುತ್ತಿರಬೇಕು, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುತ್ತದೆಯೇ ಎಂದು ಮನೆಯವರು ಗಮನಿಸಬೇಕು. ಮಗು ಬೆಳೆಯುತ್ತಿರುವುದರಿಂದ ಅಳತೆಯನ್ನು ದೊಡ್ಡವರಿಗಿಂತ ಬೇಗ ಬೇಗ ಮರುಪರಿಶೀಲಿಸಬೇಕಾಗುತ್ತದೆ.

ಸಿಲಿಕೋನ್ ಶೀಟ್ ಬೇರೆಯೇ ದಾರಿಯದು. 1980ರ ದಶಕದ ಆರಂಭದಿಂದ ಸುಟ್ಟ ಕಲೆಗೆ ಬಳಕೆಯಲ್ಲಿದೆ. ಅದು ಒತ್ತಡದಿಂದ ಕೆಲಸ ಮಾಡುವುದಿಲ್ಲ, ಸಿಲಿಕೋನ್ ಚರ್ಮದೊಳಗೆ ಇಳಿಯುವುದೂ ಇಲ್ಲ. ಮೇಲ್ಪದರದ ಮೇಲೆ ಮುಚ್ಚಳದಂತೆ ಕೂತು ತೇವ ಆರಿಹೋಗದಂತೆ ತಡೆಯುತ್ತದೆ. ಒಣಗಿ ಹಪಹಪಿಸುವ ಮೇಲ್ಪದರ ಕೆಳಗಿನ ಜೀವಕೋಶಗಳಿಗೆ ಇನ್ನಷ್ಟು ನಾರು ಹೆಣೆಯಿರಿ ಎಂಬ ಸಂಕೇತ ಕಳಿಸುತ್ತಿರುತ್ತದೆ; ತೇವ ಉಳಿದರೆ ಆ ಸಂಕೇತ ತಗ್ಗುತ್ತದೆ ಎಂಬುದು ಈಗಿನ ತಿಳಿವಳಿಕೆ. ಕಲೆಯ ಅಂಚಿನಿಂದ ಒಂದು ಸೆಂಟಿಮೀಟರ್ ಹೊರಗೆ ಬರುವಂತೆ ಕತ್ತರಿಸಿ, ಮೊದಲ ದಿನ ನಾಲ್ಕು ಗಂಟೆ, ಆಮೇಲೆ ದಿನಕ್ಕೆ ಎರಡು ಗಂಟೆಯಂತೆ ಏರಿಸಿ ಕನಿಷ್ಠ 12 ಗಂಟೆಗೆ ಮುಟ್ಟಿಸಬೇಕು. ತೆರೆದ ಗಾಯದ ಮೇಲೆ ಕೂಡದು. ದಿನವೂ ಸೋಪಿನಿಂದ ಅಂಗೈಯಲ್ಲಿ ಮೆತ್ತಗೆ ತೊಳೆದು, ಬಟ್ಟೆಯಿಂದ ಒರೆಸದೆ ಗಾಳಿಗೆ ಆರಲು ಬಿಡಿ. ಒರೆಸಿದರೆ ನೂಲೆಳೆ ಮೆತ್ತಿಕೊಂಡು ಅಂಟು ಹೋಗುತ್ತದೆ. ಚರ್ಮವನ್ನೂ ತೊಳೆದು ಪೂರ್ತಿ ಒಣಗಿಸಬೇಕು. ಇಲ್ಲದಿದ್ದರೆ ಬೆವರುಸಾಲೆಯಂಥ ದದ್ದು ಏಳುತ್ತದೆ. ಎದ್ದರೆ ಒಂದೆರಡು ದಿನ ಬಿಟ್ಟು, ಗಂಟೆ ಕಡಿಮೆ ಮಾಡಿ ಮತ್ತೆ ಶುರು ಮಾಡಬಹುದು. ಮುಖಕ್ಕೆ, ಮಡಚುವ ಕೀಲಿಗೆ ಶೀಟ್ ನಿಲ್ಲುವುದಿಲ್ಲ, ಅಲ್ಲಿ ದಿನಕ್ಕೆ ಎರಡು ಸಲ ಸಿಲಿಕೋನ್ ಜೆಲ್ಲನ್ನು ತೀರಾ ತೆಳುವಾಗಿ ಹಚ್ಚಿ ಒಣಗಲು ಬಿಡಬೇಕು. ಐದು ನಿಮಿಷವಾದರೂ ಅಂಟಂಟಾಗಿದ್ದರೆ ಹಚ್ಚಿದ್ದು ಹೆಚ್ಚಾಯಿತು ಎಂದರ್ಥ.

ಇಷ್ಟೆಲ್ಲ ಮಾಡಿದರೆ ಸಿಗುವ ಫಲ ಎಷ್ಟು? 2009ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯಲ್ಲಿ ಗಾರ್ಮೆಂಟ್ ಕಲೆಯ ಎತ್ತರವನ್ನು ಸ್ವಲ್ಪ ಇಳಿಸಿತೇ ಹೊರತು ಕಲೆಯ ಸ್ಥಿತಿಗೆ ಕೊಡುವ ಒಟ್ಟಾರೆ ಅಂಕದಲ್ಲಿ ಗಟ್ಟಿ ವ್ಯತ್ಯಾಸ ಕಾಣಲಿಲ್ಲ. 2010ರಲ್ಲಿ ಬಂದ ಹನ್ನೆರಡು ವರ್ಷಗಳ ಅಧ್ಯಯನ ಹೆಚ್ಚು ಜಾಣತನದ್ದು: ಒಬ್ಬರದೇ ಮುಂಗೈ ಗಾಯದ ಒಂದು ಭಾಗಕ್ಕೆ ಸರಿಯಾದ ಒತ್ತಡ, ಇನ್ನೊಂದು ಭಾಗಕ್ಕೆ ತೀರಾ ಕಡಿಮೆ ಒತ್ತಡ ಕೊಟ್ಟು ಹೋಲಿಸಿದರು. ಒತ್ತಡ ಬಿದ್ದ ಕಡೆ ಕಲೆ ತೆಳುವಾಗಿತ್ತು, ಮೆತ್ತಗಿತ್ತು. ಆದರೆ ಕಣ್ಣಿಗೆ ಕಾಣುವ ವ್ಯತ್ಯಾಸ ಬಂದದ್ದು ಮಧ್ಯಮದಿಂದ ತೀವ್ರವಾಗಿ ಉಬ್ಬುವ ಕಲೆಗಳಲ್ಲಿ ಮಾತ್ರ. ಸಿಲಿಕೋನ್ ಪರ ಸಾಕ್ಷ್ಯ ಇದಕ್ಕಿಂತ ಬಲವಾದುದೇನಲ್ಲ, ಆದರೆ ಅದರ ತೊಂದರೆಯೂ ಕಡಿಮೆ. ಹಾಗಾಗಿ ಅಲ್ಪಸ್ವಲ್ಪ ಕಲೆಗೆ ಮಗುವನ್ನು ಒಂದೂವರೆ ವರ್ಷ ಗಾರ್ಮೆಂಟಿನಲ್ಲಿ ಕೂಡಿಹಾಕುವುದನ್ನು ನಾವು ಒಪ್ಪುವುದಿಲ್ಲ, ಅಲ್ಲಿ ಸಿಲಿಕೋನ್ ಸಾಕು. ಆಳದ ಗಾಯ, ಕಸಿಯಾದ ಎದೆ, ಕೈ, ಕೊರಳಿಗೆ ಗಾರ್ಮೆಂಟ್ ಬಿಟ್ಟುಕೊಡುವುದನ್ನೂ ಒಪ್ಪುವುದಿಲ್ಲ. ಬಣ್ಣ ಸರಿಹೋಗುತ್ತದೆ ಎಂದು ಯಾರಾದರೂ ಮಾರಿದರೆ ನಂಬಬೇಡಿ, ಬಣ್ಣದ ಮೇಲೆ ಇವೆರಡರ ಹಿಡಿತ ಅಷ್ಟಕ್ಕಷ್ಟೆ. ಅಲ್ಲಿ ಬಿಸಿಲಿನಿಂದ ಮರೆ ಮಾಡುವುದೇ ಹೆಚ್ಚು ಉಪಯೋಗ.

ಗಾರ್ಮೆಂಟ್ ಮಾಡದ ಇನ್ನೊಂದು ಕೆಲಸವಿದೆ: ಕೀಲು ಸೆಟೆದುಕೊಳ್ಳುವುದನ್ನು ಅದೊಂದೇ ತಡೆಯಲಾರದು. ಸುಟ್ಟವರಿಗೆ ಹಾಯೆನಿಸುವ ಭಂಗಿಯೇ ಕೀಲು ಸೆಟೆಯುವ ಭಂಗಿ. ಕೊರಳು ಸುಟ್ಟಿದ್ದರೆ ದಿಂಬು ತೆಗೆಯಬೇಕು. ಕಂಕುಳು ಸುಟ್ಟಿದ್ದರೆ ತೋಳು ಮೈಯಿಂದ 90 ಡಿಗ್ರಿ ದೂರ, ಮೊಣಕೈ ನೇರ, ಪಾದ ಕಾಲಿಗೆ 90 ಡಿಗ್ರಿ. ಕೈಯ ಹಿಂಭಾಗ ಸುಟ್ಟಿದ್ದರೆ ಮಣಿಕಟ್ಟು ಸ್ವಲ್ಪ ಹಿಂದಕ್ಕೆ ಬಾಗಿ, ಬೆರಳ ಬುಡದ ಕೀಲು 70-90 ಡಿಗ್ರಿ ಮಡಚಿ, ಬೆರಳು ನೇರವಾಗಿರುವಂತೆ ಸ್ಪ್ಲಿಂಟ್, ಅಂದರೆ ಕೀಲನ್ನು ಅದೇ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಸರೆ. ಹಗಲು ವ್ಯಾಯಾಮ, ರಾತ್ರಿ ಸ್ಪ್ಲಿಂಟ್. ಎಳೆಯುವಾಗ ಕಲೆ ಬಿಳಿಚುವ ತನಕ ನಿಧಾನವಾಗಿ ಎಳೆದು ಹಿಡಿಯಬೇಕು, ಜಗ್ಗಬಾರದು; ಜಗ್ಗಿದರೆ ಸೀಳುತ್ತದೆ, ಸೀಳಿದ್ದು ಮತ್ತೆ ಕಲೆಯಾಗಿಯೇ ಮಾಯುತ್ತದೆ. ಕಣ್ಣರೆಪ್ಪೆ ಮುಚ್ಚಲಾಗದಿದ್ದರೆ, ಬಾಯಿ ತೆರೆಯಲಾಗದಿದ್ದರೆ ಕಲೆ ಮಾಗಲಿ ಎಂದು ಕಾಯದೆ ಶಸ್ತ್ರವೈದ್ಯರ ಬಳಿ ಹೋಗಬೇಕು.

ಬದುಕಿನ ಗುಣಮಟ್ಟ ಅಳೆಯಲು ಸುಟ್ಟಗಾಯದವರಿಗೆಂದೇ ಮಾಡಿದ 40 ಪ್ರಶ್ನೆಗಳ ಒಂದು ಅಳತೆಗೋಲಿದೆ, ಒಂಬತ್ತು ಗುಂಪುಗಳಲ್ಲಿ: ಕೈಯ ಕೆಲಸ, ಉದ್ಯೋಗ, ದೇಹದ ಬಗೆಗಿನ ಭಾವನೆ, ಸೆಕೆ ತಡೆಯುವುದು, ಆಪ್ತ ಸಂಬಂಧ ಹೀಗೆ. ಅದರಲ್ಲಿ ಒಂದು ಗುಂಪು ಚಿಕಿತ್ಸೆಯೇ ಹೊರೆಯಾಗಿದೆಯೇ ಎಂಬುದರ ಕುರಿತು. ಈ ವಿಮರ್ಶೆಗೆ ಅದು ನೇರ ಸಂಬಂಧಿಸಿದ್ದು. ದಿನಕ್ಕೆ ಮೂರ್ನಾಲ್ಕು ಸಲ ಕ್ರೀಮು, ಶೀಟ್ ತೊಳೆಯುವುದು, ಸ್ಪ್ಲಿಂಟ್ ಕಟ್ಟುವುದು, ಗಾರ್ಮೆಂಟ್ ತೊಡಿಸುವುದು ಸೇರಿದರೆ ಮನೆಯಲ್ಲಿ ಒಬ್ಬರ ಹೊತ್ತು ಪೂರ್ತಿ ಅದಕ್ಕೇ ಹೋಗುತ್ತದೆ. ತೆಳು ಚರ್ಮ ಕಸಿಯ ಜೊತೆ ಬೆವರುಗ್ರಂಥಿ ಬರುವುದಿಲ್ಲ. ಮೈಯ ದೊಡ್ಡ ಭಾಗ ಕಸಿಯಾದವರಿಗೆ ಕಾವು ಹೊರಹಾಕಲು ದಾರಿಯೇ ಕಡಿಮೆ, ಅದರ ಮೇಲೆ ಗಾರ್ಮೆಂಟ್. ಸೆಕೆ ತಾಳದೆ ಗಾರ್ಮೆಂಟ್ ಬಿಚ್ಚಿದರೆ ಅವರನ್ನು ಸೋಮಾರಿ ಎನ್ನಬೇಡಿ. ಗಾರ್ಮೆಂಟಿನ ಮೇಲೆಯೇ ನೀರು ಚಿಮುಕಿಸಿ ಫ್ಯಾನ್ ಹಾಕುವುದು, ಸೆಕೆ ಏರಿದ ಹೊತ್ತಿನಲ್ಲಿ ದೈಹಿಕ ಕೆಲಸ ಇಟ್ಟುಕೊಳ್ಳದಿರುವುದು ಸಹಾಯಕ್ಕೆ ಬರುತ್ತದೆ. ನವೆಯನ್ನು ಬರೀ ಅಲರ್ಜಿ ಮಾತ್ರೆಗೆ ಬಿಡಬೇಡಿ. ಅದರಲ್ಲಿ ನರದ ಪಾಲೂ ಇದೆ, ಗಾಬಾಪೆಂಟಿನ್‌ನಂಥ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ನಿದ್ದೆ ಬಂದರೆ ಗಾರ್ಮೆಂಟ್ ಸಹಿಸುವ ಶಕ್ತಿ ತಾನಾಗಿ ಬರುತ್ತದೆ.

ಹೊಲಿಸುವ ಮುನ್ನ ಸೇವೆಯ ಬಗ್ಗೆ ಖಚಿತಪಡಿಸಿಕೊಳ್ಳಬೇಕಾದದ್ದು ಇಷ್ಟು: ಕೊಡುವ ದಿನ ತೊಡಿಸಿ ನೋಡಿ ಅಲ್ಲೇ ತಿದ್ದುತ್ತಾರೆಯೇ, ಮೊದಲ ಎರಡು ವಾರದಲ್ಲಿ ಮರುತಿದ್ದುಪಡಿ ಉಚಿತವೇ, ಒತ್ತಡ ಅಳೆಯುವ ಸೆನ್ಸರ್ ಇದೆಯೇ, ಒಳಗಿಡುವ ಅಚ್ಚುಗಳನ್ನು ಅವರೇ ಮಾಡಿಕೊಡುತ್ತಾರೆಯೇ. ಬಣ್ಣ ಆರಿಸಲು ಬಿಡುತ್ತಾರೆಯೇ ಎಂಬುದನ್ನೂ ಸೇರಿಸಿ. ತಾನೇ ಆರಿಸಿದ ಬಣ್ಣದ ಕೈಗವಸನ್ನು ಮಗು ಶಾಲೆಗೆ ತಕರಾರಿಲ್ಲದೆ ಹಾಕಿಕೊಂಡು ಹೋಗುತ್ತದೆ.

ನಿಲ್ಲಿಸುವುದನ್ನು ಕ್ಯಾಲೆಂಡರ್ ನೋಡಿ ತೀರ್ಮಾನಿಸಬಾರದು, ಕಲೆ ನೋಡಿ ತೀರ್ಮಾನಿಸಬೇಕು. ಕೆಂಪು ಇಳಿದು, ಚರ್ಮ ಚಪ್ಪಟೆಯಾಗಿ, ಚಿವುಟಿದರೆ ಮಡಿಕೆ ಬೀಳುವಷ್ಟು ಮೆತ್ತಗಾಗಿದ್ದರೆ ಒಂದೆರಡು ದಿನ ಗಾರ್ಮೆಂಟ್ ತೆಗೆದಿಡಿ, ಅದಕ್ಕೆ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮತ್ತೆ ಕೆಂಪೇರಿ ಉಬ್ಬಿದರೆ ವಾಪಸ್ ತೊಟ್ಟು ಒಂದು ತಿಂಗಳು ಬಿಟ್ಟು ಪರೀಕ್ಷಿಸಿ. ಹಾಗೆಯೇ ಉಳಿದರೆ ಮೊದಲು ಹಗಲಿನದು ಬಿಡಿ, ರಾತ್ರಿಯದು ಇನ್ನೂ ಕೆಲವು ವಾರ ಇರಲಿ. ಕ್ರೀಮು ಮತ್ತು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಮುಂದುವರಿಯುತ್ತವೆ. ಎಷ್ಟು ವರ್ಷ ಕಳೆದ ಮೇಲಾದರೂ ಹಳೆಯ ಸುಟ್ಟ ಕಲೆಯ ಮೇಲೆ ಮಾಯದ ಹುಣ್ಣು ಎದ್ದರೆ ಮುಲಾಮು ಹಚ್ಚುತ್ತ ಕೂರಬೇಡಿ; ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ, ಚೂರು ತೆಗೆದು ಪರೀಕ್ಷೆ ಮಾಡಿಸಬೇಕು.